ಅದರ ಮುಖ ಯಾವ ಕಡೆ?

ಎಲ್ಲರಿಗೂ ನಮಸ್ಕಾರ.

ಯಾವ ಕ್ಯಾಮೆರಾ ಕೊಳ್ಳಬೇಕು, ಯಾವ ಮೊಬೈಲಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಎಂದು ಕೇಳಲು ಬಂದವರು ಇಲ್ಲಿ ಕೆಲವರಾದರೂ ಇದ್ದೀರಿ. ಬಾಗಿಲಲ್ಲೇ ಒಬ್ಬರು ಕೇಳಿದರು. ನಿಮ್ಮ ಕೈಯಲ್ಲಿ ಏನಿದೆಯೋ ಅದು ಸಾಕು. ಗುಡಿ, ಪ್ರತಿಮೆ, ಉದ್ಯಾನ, ಏನನ್ನೇ ತೆಗೆಯಲು ಹೋಗಿ, ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಅದರ ಮುಖ ಯಾವ ಕಡೆ? ಅದು ಗೊತ್ತಾದರೆ ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಮುಕ್ಕಾಲು ಪಾಲು ತೀರ್ಮಾನವಾಯಿತು.

ನಾವು ಪ್ರವಾಸ ಹೇಗೆ ಮಾಡುತ್ತೇವೆ ನೋಡಿ. ಹುಬ್ಬಳ್ಳಿಯಲ್ಲಿ ನಾಷ್ಟಾ ಮುಗಿಸಿ ಒಂಬತ್ತೂವರೆಗೆ ಗಾಡಿ ಹತ್ತುತ್ತೇವೆ. ಅಣ್ಣಿಗೇರಿಯಲ್ಲಿ ಚಹಾ. ಗದಗ ದಾಟಿ ಲಕ್ಕುಂಡಿ ಮುಟ್ಟುವಾಗ ಹನ್ನೆರಡರ ಹತ್ತಿರ. ಬಿಸಿಲು ಮೇಲಿನಿಂದ ಸುರಿಯುತ್ತಿರುತ್ತದೆ. ಗೋಡೆಯ ಶಿಲ್ಪಗಳ ಹಣೆ, ಮೂಗಿನ ತುದಿ ಬೆಳ್ಳಗೆ ಬಿಳಿಚಿಕೊಂಡಿರುತ್ತವೆ. ಕಣ್ಣು, ಕೊರಳು ಎಲ್ಲ ಕಪ್ಪು ಗುಂಡಿ. ನಾಲ್ಕು ಸೆಲ್ಫಿ ತೆಗೆದು ಊಟಕ್ಕೆ ಹೊರಡುತ್ತೇವೆ. ರಾತ್ರಿ ಮನೆಯಲ್ಲಿ ನೋಡಿ, 'ಕಣ್ಣಿಗೆ ಕಂಡಷ್ಟು ಚಂದ ಫೋಟೋದಾಗ ಬಂದಿಲ್ಲ ಬಿಡ್ರಿ' ಅನ್ನುತ್ತೇವೆ. ಫೋನನ್ನು ಬೈದು ಏನು ಪ್ರಯೋಜನ? ಹೋದ ಹೊತ್ತು ಸರಿಯಿರಲಿಲ್ಲ, ಅಷ್ಟೇ.

ನಮ್ಮ ಭಾಗದ ಗುಡಿಗಳಿಗೆ ಈ ಮಾತು ಯಾಕೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ ಎಂದರೆ, ಅವುಗಳ ಕಲ್ಲು ಬೇರೆ. ಬಾದಾಮಿ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು. ಗದಗ, ಲಕ್ಕುಂಡಿ, ಹಾವೇರಿಯ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಬಳಪದ ಕಲ್ಲು. ಸುಮಾರು 1050ರಲ್ಲಿ ಕಟ್ಟಿದ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಈ ಕಲ್ಲಿನಲ್ಲಿ ಎದ್ದ ಮೊದಮೊದಲ ಗುಡಿಗಳಲ್ಲಿ ಒಂದು. ಬಳಪದ ಕಲ್ಲು ಭೂಮಿಯಿಂದ ತೆಗೆದಾಗ ಮೆತ್ತಗಿರುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಶಿಲ್ಪಿಗೆ ಆಳವಾಗಿಯೂ ಸಣ್ಣದಾಗಿಯೂ ಕೆತ್ತಲು ಸಾಧ್ಯವಾಯಿತು. ಬೆರಳಿನ ಉಗುರಿನಷ್ಟು ಮಣಿ, ಅದರ ಹಿಂದೆ ಸಂದು, ಆ ಸಂದಿನೊಳಗೆ ಇನ್ನೊಂದು ಬಳ್ಳಿ. ಇಷ್ಟು ಸಣ್ಣ ಕೆಲಸ ಕಣ್ಣಿಗೆ ಕಾಣಬೇಕಾದರೆ ಬೆಳಕು ಗೋಡೆಯನ್ನು ಸವರಿಕೊಂಡು ಪಕ್ಕದಿಂದ ಬರಬೇಕು. ಆಗ ಪ್ರತಿ ಮಣಿಯೂ ತನ್ನ ಪಕ್ಕಕ್ಕೆ ಒಂದು ಚೂರು ನೆರಳು ಚೆಲ್ಲುತ್ತದೆ. ಆ ನೆರಳೇ ನಮಗೆ ಉಬ್ಬು ತಗ್ಗು ತೋರಿಸುವುದು.

'ಬಿಸಿಲು ನಿಮ್ಮ ಬೆನ್ನಿಗಿರಲಿ' ಎಂದು ಹಳೆಯ ಸ್ಟುಡಿಯೋದವರು ಹೇಳಿಕೊಡುತ್ತಿದ್ದರು. ಮನುಷ್ಯರ ಗ್ರೂಪ್ ಫೋಟೋಗೆ ಅದು ಸರಿ. ಕೆತ್ತನೆಗೆ ಅದು ಪೂರಾ ಉಲ್ಟಾ. ಬೆನ್ನ ಹಿಂದಿನಿಂದ ನೇರ ಬೆಳಕು ಬಿದ್ದರೆ ಶಿಲ್ಪ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ. ಬಿಸಿಲು ನಿಮ್ಮ ಭುಜದ ಕಡೆಯಿಂದ ಬರಲಿ.

ಈಗ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗೆ ಬನ್ನಿ. ಅಲ್ಲಿ ಎದುರುಬದುರು ಎರಡು ಗುಡಿಗಳಿವೆ. ದೊಡ್ಡದು ಶಿವನದು, ಮುಖ ಪೂರ್ವಕ್ಕೆ. ಚಿಕ್ಕದು ಸೂರ್ಯನದು, ಮುಖ ಪಶ್ಚಿಮಕ್ಕೆ. ಅಂದರೆ ಬೆಳಿಗ್ಗೆ ಸೂರ್ಯ ಚಿಕ್ಕ ಗುಡಿಯ ಬೆನ್ನ ಕಡೆಯಿಂದ ಏರುತ್ತಾನೆ. ಆ ಹೊತ್ತಿಗೆ ಅದರ ಬಾಗಿಲು ತೆಗೆಯಲು ಹೋದರೆ ಕತ್ತಲೆ. ಅದಕ್ಕೆ ಸಂಜೆ ಬರಬೇಕು. ಒಂದೇ ಅಂಗಳದಲ್ಲಿರುವ ಎರಡು ಗುಡಿಗೆ ಎರಡು ಬೇರೆ ಬೇರೆ ಹೊತ್ತು! ಒಂದೇ ಸಲಕ್ಕೆ ಎರಡನ್ನೂ ಮುಗಿಸಿ ಡಂಬಳಕ್ಕೆ ಓಡುವ ಆಸೆ ಇದ್ದರೆ ಒಂದನ್ನು ಬಿಟ್ಟುಬಿಡಿ. ನನ್ನ ಅಭಿಪ್ರಾಯದಲ್ಲಿ ಡಂಬಳವನ್ನೇ ಬಿಡುವುದು ಒಳ್ಳೆಯದು. ಅಲ್ಲಿನ ದೊಡ್ಡಬಸಪ್ಪ ಗುಡಿಗೆ ಬೇರೆಯೇ ಒಂದು ದಿನ ಬೇಕು. ಅದರ ತಳವಿನ್ಯಾಸ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿದೆ. ಬಿಸಿಲು ಸ್ವಲ್ಪ ಸರಿದರೂ ಒಂದು ಮೂಲೆ ಬೆಳಗಿ ಪಕ್ಕದ್ದು ಆರುತ್ತದೆ. ಅದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಹೊತ್ತು ಆಯಿತು, ಇನ್ನು ತಿಂಗಳು. ಇದನ್ನು ಬಹಳ ಜನ ಯೋಚಿಸುವುದಿಲ್ಲ. ಈಗ ಡಿಸೆಂಬರ್. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಸಾಕಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಹಾಗಾಗಿ ಬೆಳಗಿನ ಬಿಸಿಲು ಗುಡಿಯ ದಕ್ಷಿಣದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ನಾನು ಹೇಳಿದ ಪಕ್ಕದ ಬೆಳಕು ಇದೇ. ಆದರೆ ಉತ್ತರದ ಗೋಡೆಗೆ ಈ ತಿಂಗಳಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ. ಇಡೀ ದಿನ ನೆರಳು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಪೂರ್ವದಿಂದ ಉತ್ತರಕ್ಕೆ ವಾಲಿ ಹುಟ್ಟುತ್ತಾನೆ. ಆಗ ಬೆಳಿಗ್ಗೆ ಮತ್ತು ಸಂಜೆ ಉತ್ತರದ ಗೋಡೆಗೂ ಓರೆ ಬಿಸಿಲು ಸಿಗುತ್ತದೆ. ಗದಗಿನ ಅಕ್ಷಾಂಶ ಸುಮಾರು 15.4 ಡಿಗ್ರಿ. ಮೇ ಮೊದಲ ವಾರದಿಂದ ಆಗಸ್ಟ್ 10ರ ಆಸುಪಾಸಿನವರೆಗೆ ನಮಗೆ ಮಧ್ಯಾಹ್ನದ ಸೂರ್ಯನೂ ಉತ್ತರದ ಕಡೆಗೇ ಇರುತ್ತಾನೆ. ಜೂನ್‌ನಲ್ಲಿ ಮೋಡ ಕವಿಯುವುದರಿಂದ ಉತ್ತರದ ಗೋಡೆಗೆ ಏಪ್ರಿಲ್, ಮೇ ಸರಿ. ಬೇಸಿಗೆ ಕಷ್ಟ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಆರೂವರೆಗೆ ಅಂಥ ಸೆಕೆ ಏನೂ ಇರುವುದಿಲ್ಲ ಅಲ್ವಾ?

ಹಾವೇರಿಯವರು ಒಂದಿಷ್ಟು ಜನ ಬಂದಿದ್ದೀರಿ. ನಿಮ್ಮೂರಿನ ಸಿದ್ಧೇಶ್ವರ ಗುಡಿಯ ಮುಖ ಪಶ್ಚಿಮಕ್ಕೆ. ಚಾಲುಕ್ಯ ಗುಡಿಗಳಲ್ಲಿ ಇದು ಅಪರೂಪ. ಬೆಳಿಗ್ಗೆ ಎದ್ದು ಓಡುವ ಕಷ್ಟ ನಿಮಗಿಲ್ಲ. ಸಂಜೆ ಚಹಾ ಕುಡಿದು ಆರಾಮಾಗಿ ಹೋಗಿ. ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯದ್ದು ಇನ್ನೊಂದು ತಮಾಷೆ. ಅದಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲು. ಮುಖ ಯಾವ ಕಡೆ ಎಂದು ಕೇಳಿದರೆ ಎಲ್ಲ ಕಡೆ! ಅಲ್ಲಿ ಯಾವ ಹೊತ್ತಿಗೆ ಹೋದರೂ ಒಂದಲ್ಲ ಒಂದು ಬಾಗಿಲು ನಿಮಗಾಗಿ ಬೆಳಗಿರುತ್ತದೆ. ಸುತ್ತ ಮನೆಗಳಿವೆ ಎಂದು ಕೆಲವರು ಗೊಣಗುತ್ತಾರೆ. ಒಣಹಾಕಿದ ಸೀರೆ, ನಿಲ್ಲಿಸಿದ ಸ್ಕೂಟರ್ ಬೇಡ ಎನ್ನುತ್ತಾರೆ. ನನಗೆ ಅವು ಬೇಕು. ಹಂಪಿಯ ಹಾಗೆ ಊರು ಖಾಲಿಯಾಗಿ ಗುಡಿ ಉಳಿದದ್ದಲ್ಲ ಇದು. ಜನ ಗುಡಿಯ ಪಕ್ಕದಲ್ಲೇ ಬದುಕುತ್ತಿದ್ದಾರೆ. ಫೋಟೋದಲ್ಲಿ ಅದು ಕಾಣಲಿ. ಮನೆಯೊಳಗೆ ಇಣುಕಬೇಡಿ, ಕಟ್ಟೆ ಮೇಲೆ ಕೂತ ಅಜ್ಜಿಯನ್ನು ಕೇಳದೆ ತೆಗೆಯಬೇಡಿ.

ಬೆಳಿಗ್ಗೆ ಸಂಜೆ ಎಂದು ಇಷ್ಟು ಹೇಳಿದೆ. ಲಕ್ಕುಂಡಿಯಲ್ಲೇ ಇದಕ್ಕೆ ತದ್ವಿರುದ್ಧವಾದ ಜಾಗ ಇದೆ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಮೆಟ್ಟಿಲು ಇಳಿಯುತ್ತ ಹೋದ ಹಾಗೆ ಗೋಡೆಗಳಲ್ಲಿ ಪುಟ್ಟ ಪುಟ್ಟ ಗೂಡುಗಳು. ಬೆಳಗಿನ ಓರೆ ಬಿಸಿಲು ಬಾವಿಯೊಳಗೆ ಇಳಿಯುವುದೇ ಇಲ್ಲ. ಬಾವಿಗೆ ನಡು ಮಧ್ಯಾಹ್ನವೇ ಒಳ್ಳೆಯದು. ಹಾಗಾಗಿ ಬೆಳಿಗ್ಗೆ ಗೋಡೆಗಳು, ಮಧ್ಯಾಹ್ನ ಬಾವಿ, ಸಂಜೆ ಸೂರ್ಯನ ಗುಡಿ. ನಡುವೆ ಬ್ರಹ್ಮ ಜಿನಾಲಯದೊಳಗೆ ತಂಪಾಗಿ ಹೋಗಿ ಬನ್ನಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಒಳಗಿರುವ ನಾಲ್ಕು ಮುಖದ ಬ್ರಹ್ಮನನ್ನು ಫ್ಲಾಶ್ ಹಾಕಿ ತೆಗೆಯಬೇಡಿ. ನುಣುಪು ಕಲ್ಲಿನ ಮೇಲೆ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಬರುವುದಿಲ್ಲ. ಬಾಗಿಲಿನಿಂದ ಬರುವ ಬೆಳಕು ಕಡಿಮೆ ಅನಿಸಿದರೂ ಸಾಕು. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಒತ್ತಿ. ಕೆತ್ತನೆಯಿರುವ ಕಂಬಕ್ಕೆ ಮಾತ್ರ ಒರಗಬೇಡಿ.

ಇದೇ ನಮ್ಮ ಗದಗಿನ ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯ ಕಂಬಗಳಿಗೂ ಅನ್ವಯ. ಹಾನಗಲ್ಲಿನ ತಾರಕೇಶ್ವರಕ್ಕೆ ಹೋದರೆ ಮೇಲ್ಛಾವಣಿಯಲ್ಲಿ ದೊಡ್ಡ ಕಮಲ ಇದೆ. ಕತ್ತು ನೋಯಿಸಿಕೊಂಡು ತೆಗೆದರೂ ಅದು ಸೊಟ್ಟ ಬರುತ್ತದೆ. ಫೋನನ್ನು ಕಮಲದ ಸರಿ ಕೆಳಗೆ ನೆಲದ ಮೇಲೆ ಇಡಿ, ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಹತ್ತು ಸೆಕೆಂಡಿನ ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ನೋಡಿದವರು ಫೋನ್ ಬಿದ್ದಿದೆ ಎಂದು ಎತ್ತಿಕೊಡಲು ಬರುತ್ತಾರೆ, ಅದೊಂದು ತೊಂದರೆ.

ತಾಂತ್ರಿಕವಾಗಿ ಹೇಳಬೇಕಾದ್ದು ಎರಡೇ. ಬಳಪದ ಕಲ್ಲು ಗಾಢ ಬಣ್ಣದ್ದು, ಹಿಂದಿನ ಆಕಾಶ ಬೆಳ್ಳಗೆ. ಫೋನು ಆಕಾಶ ನೋಡಿ ಕಲ್ಲನ್ನು ಕಪ್ಪು ಮಾಡುತ್ತದೆ. ಪರದೆಯ ಮೇಲೆ ಕಲ್ಲನ್ನೇ ಬೆರಳಿನಿಂದ ಮುಟ್ಟಿ, ಸ್ವಲ್ಪ ಬೆಳಕು ಏರಿಸಿ. ಬಿಳಿ ಪ್ರತಿಮೆ ತೆರೆ ತುಂಬಿದ್ದರೂ ಹಾಗೇ ಏರಿಸಿ, ಇಲ್ಲದಿದ್ದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು, ಎತ್ತರದ್ದನ್ನು ಹತ್ತಿರದಿಂದ ತೆಗೆಯಬೇಡಿ. ಫೋನು ಮೇಲಕ್ಕೆ ವಾಲಿಸಿದ ಕೂಡಲೇ ಶಿಖರ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಹಿಂದೆ ನಡೆಯಿರಿ, ಆಮೇಲೆ ಎರಡು ಪಟ್ಟು ಜೂಮ್ ಮಾಡಿ.

ನಮ್ಮ ಗದಗಿನ ಭೀಷ್ಮಕೆರೆಯ ಬಸವಣ್ಣನವರ ಪ್ರತಿಮೆಗೆ ಈ ಎರಡನೆಯದು ನೆನಪಿರಲಿ. ನೂರು ಅಡಿಗೂ ಎತ್ತರದ ಮೂರ್ತಿ. ಬುಡದಲ್ಲಿ ನಿಂತು ತೆಗೆದರೆ ಪಾದ ದೊಡ್ಡದು, ತಲೆ ನಿಂಬೆಹಣ್ಣಿನಷ್ಟು. ಕೆರೆ ದಂಡೆ ಹಿಡಿದು ದೂರ ಹೋಗಿ, ನೀರೂ ಸಿಗುತ್ತದೆ. ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಯಾರಾದರೂ ಒಬ್ಬರು ಬುಡದಲ್ಲಿ ನಡೆದು ಹೋಗುವವರೆಗೆ ಕಾಯಿರಿ. ಉಣಕಲ್ ಕೆರೆಯ ನಡುವಿನ ವಿವೇಕಾನಂದರಿಗೆ ಗಾಳಿ ಏಳುವ ಮೊದಲು, ಬೆಳಿಗ್ಗೆ ಬೇಗ. ನೀರು ಅಲುಗಾಡದಿದ್ದರೆ ಪ್ರತಿಬಿಂಬ ಬರುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಇವೆಲ್ಲಕ್ಕಿಂತ ಕಷ್ಟ. ಕುದುರೆ ಮೇಲೆ ಕೂತ ರಾಣಿ, ಹಿಂದೆ ವೈರು, ಬ್ಯಾನರ್, ಬಸ್ಸು. ಕೆಳಗಿನಿಂದ ತೆಗೆದು ಹಿಂದೆ ಬರೀ ಆಕಾಶ ಬರುವಂತೆ ಮಾಡಬಹುದು. ಅಥವಾ ಟ್ರಾಫಿಕ್ಕನ್ನೇ ಸೇರಿಸಿಕೊಳ್ಳಬಹುದು. ನಡುಗಡ್ಡೆಗೆ ನುಗ್ಗಿ ನಿಲ್ಲುವುದು ಮಾತ್ರ ಬೇಡ, ಅಲ್ಲಿ ಆಟೋದವರು ಬೈಯುವುದರಲ್ಲಿ ನ್ಯಾಯ ಇದೆ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಕಲಾವಿದ ಟಿ.ಬಿ. ಸೊಲಬಕ್ಕನವರ್ ಕಟ್ಟಿದ ಜಾಗ. ಹಳ್ಳಿ ಬದುಕಿನ ಆಳೆತ್ತರದ ಮೂರ್ತಿಗಳು. ಅವಕ್ಕೆ ಬಣ್ಣ ಹಚ್ಚಿರುವುದರಿಂದ ಕಡು ಬಿಸಿಲಿನಲ್ಲಿ ಹೊಳೆಯುತ್ತವೆ, ಬೊಂಬೆ ಎಂದು ತಕ್ಷಣ ಗೊತ್ತಾಗುತ್ತದೆ. ಮೋಡದ ದಿನ ಹೋಗಿ, ಮೂರ್ತಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ. ಎದುರಿಗೆ ನಿಂತು ನಗುವ ನಿಮ್ಮ ಮಾವನೂ ಹಿಂದಿನ ಕುಸ್ತಿಪಟುವೂ ಯಾರು ನಿಜ ಎಂದು ಒಂದು ಗಳಿಗೆ ಗೊಂದಲವಾಗಬೇಕು.

ಇಂಥ ಕಡೆ ಒಂದು ಪ್ರಶ್ನೆ ಬರುತ್ತದೆ. ಇನ್ನೊಬ್ಬ ಕಲಾವಿದನ ಮೂರ್ತಿಯ ಫೋಟೋ ತೆಗೆದು ಹಾಕಬಹುದೇ? 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಇದಕ್ಕೆ ಅವಕಾಶ ಕೊಟ್ಟಿದೆ. ಸಾರ್ವಜನಿಕರು ಹೋಗಿಬರುವ ಜಾಗದಲ್ಲಿ ಕಾಯಮ್ಮಾಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆಯಬಹುದು, ಪ್ರಕಟಿಸಬಹುದು. ಕಟ್ಟಡಗಳಿಗೂ ಹಾಗೇ. ಗೋಡೆಗೆ ಬರೆದ ಚಿತ್ರಕ್ಕೆ ಈ ರಿಯಾಯಿತಿ ಇಲ್ಲ. ಟಿಕೆಟ್ ಇರುವ ಉದ್ಯಾನಗಳು ಕ್ಯಾಮೆರಾಗೆ ತಮ್ಮದೇ ನಿಯಮ ಇಟ್ಟಿರಬಹುದು, ಕೌಂಟರಿನಲ್ಲಿ ಕೇಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಅನುಮತಿ ಬೇಕು. ಪೂಜೆ ನಡೆಯುವ ಗುಡಿಯ ಗರ್ಭಗುಡಿಯ ಮುಂದೆ ಪೂಜಾರಿಯ ಮಾತೇ ಕಾನೂನು.

ಹೂವು, ಗಿಡಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲೆಗೆ ಬಿಸಿಲು ವೈರಿ, ಮೋಡ ನೆಂಟ. ಧಾರವಾಡದ ಜಿಟಿಜಿಟಿ ಮಳೆ ನಿಂತ ಹತ್ತು ನಿಮಿಷ ಕರ್ನಾಟಕ ವಿಶ್ವವಿದ್ಯಾಲಯದ ಗಿಡಮರಗಳ ನಡುವೆ ಇದ್ದರೆ ಹಸಿರು ತಾನೇ ಬರುತ್ತದೆ. ಫೋನಿನಲ್ಲಿ ಬಣ್ಣ ಏರಿಸುವ ಅಗತ್ಯ ಇಲ್ಲ.

ಈ ಕೆಲಸ ನಮ್ಮ ಕಡೆ ಹೊಸದೇನಲ್ಲ. 1850ರ ದಶಕದಲ್ಲಿ ಬಿಗ್ಸ್, ಪಿಗೌ ಎಂಬ ಇಬ್ಬರು ಮುಂಬಯಿ ಸರ್ಕಾರದ ಪರವಾಗಿ ಧಾರವಾಡ ಸೀಮೆಯ ಗುಡಿಗಳ ಫೋಟೋ ತೆಗೆದರು. ಒಬ್ಬ ಸೈನ್ಯಾಧಿಕಾರಿ, ಇನ್ನೊಬ್ಬ ವೈದ್ಯ. ಕಾಗದದ ನೆಗೆಟಿವ್, ಮರದ ದೊಡ್ಡ ಕ್ಯಾಮೆರಾ. ಆ ಚಿತ್ರಗಳಲ್ಲಿ ಕೆಲವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಇವತ್ತು ಅವುಗಳಿಗೆ ಬೆಲೆ ಇರುವುದು ಚಂದಕ್ಕಿಂತ ಹೆಚ್ಚಾಗಿ ದಾಖಲೆಯಾಗಿ. ಯಾವ ಕಲ್ಲು ಆಗ ಎಲ್ಲಿತ್ತು, ಯಾವ ಗೋಡೆ ಜರುಗಿತ್ತು ಎಂದು ಈಗಿನದರ ಪಕ್ಕದಲ್ಲಿಟ್ಟು ನೋಡಬಹುದು. ನಿಮ್ಮ ಫೋಟೋಗೂ ಆ ಬೆಲೆ ಬರಬೇಕಾದರೆ ಮಾಡಬೇಕಾದ್ದು ಸಣ್ಣದು. ಗುಡಿಯ ಬಳಿ ಹೋದ ಕೂಡಲೇ ಮೊದಲು ಅಲ್ಲಿನ ನೀಲಿ ಬೋರ್ಡಿನ ಫೋಟೋ ತೆಗೆಯಿರಿ. ಆಮೇಲೆ ಗುಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತ ನಾಲ್ಕೂ ಗೋಡೆ, ಒಂದೊಂದು ಪೂರ್ತಿ ಚಿತ್ರ. ನಿಮ್ಮ ಕಲೆ ಏನಿದ್ದರೂ ಅದಾದ ಮೇಲೆ. ಮನೆಗೆ ಬಂದು ಯಾವ ಗೋಡೆ, ಯಾವ ದಿಕ್ಕು ಎಂದು ಒಂದು ಸಾಲು ಬರೆದಿಡಿ. ಸಾವಿರ ಫೋಟೋ ಇದ್ದು ಯಾವ ಊರಿನದು ಎಂದು ಗೊತ್ತಿಲ್ಲದವರನ್ನು ನಾನು ಬಹಳ ನೋಡಿದ್ದೇನೆ.

ನಾಳೆ ಲಕ್ಕುಂಡಿಗೆ ಬರುವವರು ಆರು ಗಂಟೆಗೆ ಗದಗ ಬಸ್ ಸ್ಟ್ಯಾಂಡಿನಲ್ಲಿ ಇರಿ. ಹನ್ನೆರಡು ಕಿಲೋಮೀಟರ್ ಅಷ್ಟೇ ದಾರಿ. ಈ ತಿಂಗಳು ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮೊದಲು. ನೇರವಾಗಿ ದಕ್ಷಿಣದ ಗೋಡೆಗೆ ಹೋಗೋಣ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬನ್ನಿ, ಸಂಜೆಯವರೆಗೆ ಅಲ್ಲೇ ಇರುತ್ತೇವೆ. ಫೋನ್ ಪೂರ್ತಿ ಚಾರ್ಜ್ ಆಗಿರಲಿ. ಈಗ ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ. ಯಾವ ಮೊಬೈಲ್ ಕೊಳ್ಳಬೇಕು ಎನ್ನುವುದೊಂದು ಬಿಟ್ಟು.