ಕೊಡಗಲ್ಲಿ ಮಳೆ, ಕಟ್ಟೆಯಲ್ಲಿ ಅಳತೆ

(ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ರಾಯಭಾರ ಕಚೇರಿ ಅಂದಾಗ ನಿಮ್ಮಲ್ಲಿ ಕೆಲವರು ಬಾಗಿಲ ಕಡೆ ನೋಡಿದ್ದು ನನಗೆ ಕಾಣಿಸಿತು. ಸ್ವಲ್ಪ ಕೂತ್ಕೊಳ್ಳಿ. ಇದು ನಮಗೆ ಗೊತ್ತಿರುವ ಕೆಲಸವೇ.

ಜೂನ್ ಕಳೆದರೆ ಮಂಡ್ಯದವರು ಬೆಳಗ್ಗೆ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಏನು? ಕನ್ನಂಬಾಡಿ ಕಟ್ಟೆಯ ಮಟ್ಟ. ಮಳೆ ಬೀಳುವುದು ಭಾಗಮಂಡಲದಲ್ಲಿ. ನಾವು ಇಲ್ಲಿ ಕೂತು ಲೆಕ್ಕ ಹಾಕುತ್ತೇವೆ. ಒಳಹರಿವು ಎಷ್ಟಾಯ್ತು, 124.80 ಅಡಿ ಯಾವಾಗ ಮುಟ್ಟುತ್ತೆ, ನಾಲೆಗೆ ಯಾವಾಗ ಬಿಡ್ತಾರೆ. ಅದಕ್ಕಾಗಿ ಯಾರೂ ಕೊಡಗಿಗೆ ಹೋಗಿ ನೆನೆಯುವುದಿಲ್ಲ. ಪಕ್ಕದ ದೇಶದಲ್ಲಿ ಯುದ್ಧ ಹೊತ್ತಿಕೊಂಡಾಗ, ಈಚೆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿ ಮಾಡುವುದೂ ಇದನ್ನೇ. ಬಾಂಬು ಅಲ್ಲಿ ಬೀಳುತ್ತೆ. ಅಳತೆ ಇಲ್ಲಿ ಸಿಗುತ್ತೆ. ಗಡಿಯಲ್ಲಿ ಎಷ್ಟು ಉದ್ದ ಸಾಲು, ಹೋಟೆಲಲ್ಲಿ ರೂಮು ಸಿಗ್ತಿದೆಯಾ, ಬಸ್ಸಿನವನು ಎಷ್ಟು ಕೇಳ್ತಿದ್ದಾನೆ, ಇದೆಲ್ಲ ಅಳತೆಯೇ.

ಹೀಗೆ ನೋಡಿ ಬರೆದು ಕಳಿಸುವುದು ಗೂಢಚಾರಿಕೆ ಅಲ್ಲ. 1961ರ ವಿಯೆನ್ನಾ ಒಪ್ಪಂದದ 3ನೇ ವಿಧಿಯಲ್ಲೇ ಅದು ಇದೆ. ತಾನಿರುವ ದೇಶದ ಸ್ಥಿತಿಗತಿಯನ್ನು ಕಾನೂನಿಗೆ ಒಪ್ಪುವ ದಾರಿಯಲ್ಲಿ ತಿಳಿದುಕೊಂಡು ತನ್ನ ಸರ್ಕಾರಕ್ಕೆ ವರದಿ ಮಾಡುವುದು ರಾಯಭಾರ ಕಚೇರಿಯ ಕೆಲಸ. ನಮ್ಮ ಸೀಮೆಗೆ ಇದು ಇನ್ನೂ ಹಳೆಯದು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ಶುರು ಮಾಡಿದರಲ್ಲ, ಅದು ಕಾಗದ ಹೊರುವುದಕ್ಕಷ್ಟೇ ಇರಲಿಲ್ಲ. ತಮ್ಮ ಭಾಗದಲ್ಲಿ ಏನೇನು ನಡೀತಿದೆ ಅಂತ ಬರೆದು ಶ್ರೀರಂಗಪಟ್ಟಣಕ್ಕೆ ಮುಟ್ಟಿಸುವುದೂ ಅಂಚೆಯವರ ಪಾಲಿಗಿತ್ತು.

ಈಗ 2022ಕ್ಕೆ ಬರೋಣ. ಇದು ನಮ್ಮ ಮನೆಯ ಕಥೆಯೂ ಹೌದು. ನನ್ನ ಅಕ್ಕನ ಮಗ ಉಕ್ರೇನಿನ ವಿನ್ನಿತ್ಸಿಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದ. ಜನವರಿ ಕೊನೆಯಲ್ಲಿ ಕೀವ್‌ನ ನಮ್ಮ ರಾಯಭಾರ ಕಚೇರಿ, ಇಲ್ಲಿರುವ ಭಾರತೀಯರೆಲ್ಲ ಹೆಸರು ಬರೆಸಿ ಅಂತ ಆನ್‌ಲೈನ್ ಫಾರಂ ಹಾಕಿತು. ಫೆಬ್ರವರಿ 15ಕ್ಕೆ, ಇಲ್ಲಿ ಇರಲೇಬೇಕಾದ ಕೆಲಸ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವ ಯೋಚನೆ ಮಾಡಿ ಅಂತ ಸೂಚನೆ ಬಂತು. ‘ಯೋಚನೆ ಮಾಡಿ’ ಅನ್ನುವ ಮಾತು ನೋಡಿ. ನಮ್ಮ ಹುಡುಗರು ಯೋಚನೆಯನ್ನೇ ಮಾಡುತ್ತಾ ಕೂತರು! ಟಿಕೆಟ್ ರೇಟು ಏರಿತ್ತು. ಕಾಲೇಜು ಆನ್‌ಲೈನ್ ಕ್ಲಾಸು ಕೊಡುತ್ತೋ ಇಲ್ಲವೋ ಗೊತ್ತಿರಲಿಲ್ಲ, ಹಾಜರಿ ಹೋದರೆ ವರ್ಷವೇ ಹೋಗುತ್ತೆ. ಸೀಟು ಕೊಡಿಸಿದ ಏಜೆಂಟನಿಗೆ ಅಕ್ಕ ಫೋನ್ ಮಾಡಿದರೆ, ‘ಏನೂ ಆಗಲ್ಲ ಮೇಡಂ, ಟಿವಿಯವರು ಸುಮ್ನೆ ಹೆದರಿಸ್ತಾರೆ’ ಅಂದ. ಹುಡುಗ ನನಗೆ ಹೇಳಿದ್ದೂ ಅದೇ ಧಾಟಿಯಲ್ಲಿ. ‘ಮಾವ, ಅಂಗಡಿ ಎಲ್ಲ ತೆಗೆದಿದೆ, ಬಸ್ಸು ಓಡ್ತಿದೆ, ಎಲ್ಲ ನಾರ್ಮಲ್.’

ಫೆಬ್ರವರಿ 22ಕ್ಕೆ ರಾಯಭಾರ ಕಚೇರಿ ಮತ್ತೆ ಹೇಳಿತು. ಆನ್‌ಲೈನ್ ಕ್ಲಾಸಿನ ಬಗ್ಗೆ ಕಾಲೇಜು ಖಚಿತವಾಗಿ ಹೇಳಲಿ ಅಂತ ಕಾಯಬೇಡಿ, ಹೊರಡಿ ಅಂತ. ಫೆಬ್ರವರಿ 24ರ ಬೆಳಗ್ಗೆ ರಷ್ಯಾದ ದಾಳಿ ಶುರುವಾಯಿತು. ಆಕಾಶ ಮುಚ್ಚಿತು. ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ವಾಪಸ್ ಬಂತು. ಎಚ್ಚರಿಕೆ ತಡವಾಯ್ತು ಅಂತ ಆಗ ತುಂಬ ಜನ ಬೈದರು. ನಾನೂ ಬೈದೆ. ಈಗ ಸ್ವಲ್ಪ ಬೇರೆ ಥರ ಅನ್ನಿಸುತ್ತೆ. ‘ಎಲ್ಲರೂ ಓಡಿ’ ಅಂತ ಒಂದು ದೇಶದ ರಾಯಭಾರ ಕಚೇರಿ ಬೇಗ ಕೂಗಿಬಿಟ್ಟರೆ, ಆತಿಥ್ಯ ಕೊಟ್ಟ ಸರ್ಕಾರಕ್ಕೆ ಸಿಟ್ಟು ಬರುತ್ತೆ. ಯುದ್ಧ ಆಗದಿದ್ದರೆ ಇದೇ ಪೋಷಕರು ಫೀಸು ಹೋಯ್ತು ಅಂತ ಜಗಳಕ್ಕೆ ಬರುತ್ತಾರೆ. ಕಟ್ಟೆ ಗೇಟು ಯಾವಾಗ ಎತ್ತಬೇಕು ಅನ್ನೋ ಹಾಗೆಯೇ. ಬೇಗ ಎತ್ತಿದರೂ ಬೈಗುಳ, ತಡ ಮಾಡಿದರೂ ಬೈಗುಳ. ಆದರೂ ಆ 15ನೇ ತಾರೀಕಿನ ಸೂಚನೆಯ ಭಾಷೆ ಇನ್ನೊಂಚೂರು ಖಾರವಾಗಿರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಆಕಾಶ ಮುಚ್ಚಿದ ಮೇಲೆ ಭಾರ ಎಲ್ಲ ಸುತ್ತಲಿನ ದೇಶಗಳ ಮೇಲೆ ಬಿತ್ತು. ಪೋಲೆಂಡ್, ರೊಮೇನಿಯಾ, ಹಂಗೇರಿ, ಸ್ಲೊವಾಕಿಯಾ, ಮಾಲ್ಡೋವಾ. ರಾಯಭಾರ ಕಚೇರಿ ಸಾಮಾನ್ಯವಾಗಿ ರಾಜಧಾನಿಯಲ್ಲಿ ಇರುತ್ತೆ. ಜನ ಬಂದು ನಿಲ್ಲುವುದು ಗಡಿಯ ಸಣ್ಣ ಊರಿನಲ್ಲಿ. ಬುಖಾರೆಸ್ಟ್‌ನಿಂದ ಸಿರೆತ್ ಗಡಿ 450 ಕಿಲೋಮೀಟರಿಗೂ ಜಾಸ್ತಿ. ಹಾಗಾಗಿ ಅಧಿಕಾರಿಗಳು ಗಡಿಗೇ ಹೋಗಿ ಠಿಕಾಣಿ ಹೂಡಬೇಕಾಯಿತು. ಯಾವ ಚೆಕ್‌ಪೋಸ್ಟ್‌ನಲ್ಲಿ ಜನ ಒಳಗೆ ಹೋಗ್ತಿದ್ದಾರೆ, ಎಲ್ಲಿ ನಿಂತಲ್ಲೇ ನಿಂತಿದ್ದಾರೆ ಅನ್ನುವುದು ಗಂಟೆಗೊಮ್ಮೆ ಬದಲಾಗುತ್ತಿತ್ತು. ಅದಕ್ಕೇ 26ನೇ ತಾರೀಕು ಕೀವ್ ಕಚೇರಿ, ಗಡಿಯಲ್ಲಿರುವ ನಮ್ಮ ಅಧಿಕಾರಿಗಳನ್ನು ಕೇಳದೆ ಗಡಿ ಕಡೆ ಹೊರಡಬೇಡಿ ಅಂದಿತು. ಪೋಲೆಂಡ್ ಗಡಿಗೆ ಅಂಟಿಕೊಂಡ ಉಕ್ರೇನಿನ ಶೆಹಿನಿಗೆ ನಡೆದುಕೊಂಡೇ ಹೋದವರು ಕೊರೆಯುವ ಚಳಿಯಲ್ಲಿ ಬಯಲಲ್ಲಿ ರಾತ್ರಿ ಕಳೆದಿದ್ದರು.

ಮೊದಲ ವಿಮಾನ ಅದೇ 26ಕ್ಕೆ ಬುಖಾರೆಸ್ಟ್‌ನಿಂದ ಮುಂಬೈಗೆ ಬಂತು, 219 ಜನ. ಆಮೇಲೆ ಒಂದು ಒಳ್ಳೆ ಕೆಲಸ ಆಯಿತು. ಸಿರೆತ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸುಚಾವ ಅನ್ನುವ ಊರಿನ ಚಿಕ್ಕ ನಿಲ್ದಾಣದಿಂದಲೂ ವಿಮಾನ ಬಿಟ್ಟರು. ಪೋಲೆಂಡ್‌ನಲ್ಲಿ ಜೆಶುಫ್, ಸ್ಲೊವಾಕಿಯಾದಲ್ಲಿ ಕೊಶಿತ್ಸೆ, ಇವೂ ಹಾಗೇ ಗಡಿ ಹತ್ತಿರದವು. ಒಂದು ರಾತ್ರಿಯ ಬಸ್ ಪ್ರಯಾಣ ಒಂದು ಗಂಟೆಗೆ ಇಳಿಯಿತು. ಊರಿನ ಸುತ್ತಮುತ್ತ ತಿಳಿದವರು ಇದ್ದರೆ ಆಗುವ ಲಾಭ ಇದು. ನಮ್ಮ ಹುಡುಗ ಬಂದದ್ದೂ ಸಿರೆತ್ ದಾಟಿ. ಅಲ್ಲಿನ ಹಳ್ಳಿಯವರು ಬಿಸಿ ಸೂಪು, ಕಂಬಳಿ ಕೊಟ್ಟರಂತೆ.

ಎಲ್ಲರೂ ಹಾಗೆ ಬರಲಿಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಊಟದ ಸಾಮಾನಿಗೆ ಹೋದವನು ತೀರಿಹೋದ. ಮರುದಿನ ಬಂದ ಸೂಚನೆಯಲ್ಲಿ ‘ಯೋಚನೆ ಮಾಡಿ’ ಇರಲಿಲ್ಲ. ಸಂಜೆ 6ರೊಳಗೆ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದುಕೊಂಡೇ ಪೆಸೊಚಿನ್, ಬಾಬಾಯೆ, ಬೆಜ್ಲ್ಯುದೊವ್ಕಾ ಸೇರಿ ಅಂತ ಇತ್ತು. ಮಾರ್ಚ್ 13ಕ್ಕೆ ಕೀವ್ ಕಚೇರಿಯೇ ಪೋಲೆಂಡಿಗೆ ಹೋಯಿತು, ಮೇ 17ಕ್ಕೆ ವಾಪಸ್ ಬಂತು.

ನೆರೆಯ ದೇಶದ ಕಚೇರಿ ಹೀಗೆ ಭಾರ ಹೊತ್ತದ್ದು ಅದೇ ಮೊದಲಲ್ಲ. 1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮವರು ಮರುಭೂಮಿ ದಾಟಿ ಜೋರ್ಡಾನಿಗೆ ಬಂದರು. ಅಮ್ಮಾನ್‌ನಿಂದ 59 ದಿನದಲ್ಲಿ 488 ವಿಮಾನ, 1 ಲಕ್ಷ 11 ಸಾವಿರಕ್ಕೂ ಜಾಸ್ತಿ ಜನ. ಆಗ ಮೊಬೈಲ್ ಇಲ್ಲ, ಆನ್‌ಲೈನ್ ಫಾರಂ ಇಲ್ಲ. ಗಡಿಗೆ ಹೋಗಿ ತಲೆ ಎಣಿಸಬೇಕಿತ್ತು.

ಇನ್ನು 2023ರ ಸುಡಾನ್. ಆ ಕಾರ್ಯಾಚರಣೆಗೆ ಕಾವೇರಿ ಅಂತ ಹೆಸರಿಟ್ಟಾಗ ನಮ್ಮೂರಲ್ಲಿ ಎಲ್ಲರೂ ಒಂದು ಸಲ ಹುಬ್ಬೇರಿಸಿದರು. ಕಾವೇರಿ ಅಂದರೆ ನಮಗೆ ಕೋರ್ಟು, ಟ್ರಿಬ್ಯೂನಲ್ಲು, ಬಂದ್ ನೆನಪಾಗುತ್ತೆ, ಅಲ್ವಾ? ಏಪ್ರಿಲ್ 15ಕ್ಕೆ ಎರಡು ಸೇನೆಗಳು ರಾಜಧಾನಿಯೊಳಗೇ ಹೊಡೆದಾಡತೊಡಗಿದವು. ಖಾರ್ತೂಮ್‌ನ ನಮ್ಮ ಕಚೇರಿ ಇದ್ದದ್ದು ವಿಮಾನ ನಿಲ್ದಾಣದ ಹತ್ತಿರ, ಜಗಳದ ನಡುಮಧ್ಯೆ. ಸಿಬ್ಬಂದಿ ಬೇರೆ ಬೇರೆ ಮನೆಗಳಿಂದ ಕೆಲಸ ಮಾಡಬೇಕಾಯಿತು. ಆಗ ಕೆಂಪು ಸಮುದ್ರದ ಆಚೆ ದಡದ ಜೆಡ್ಡಾ ನೆರವಿಗೆ ಬಂತು. ಅಲ್ಲಿನ ಭಾರತೀಯ ಶಾಲೆಯೇ ತಂಗುದಾಣ ಆಯಿತು. ಒಟ್ಟು 3,862 ಜನ ಬಂದರು.

ಅವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋದವರು ಪಶ್ಚಿಮದ ಅಲ್ ಫಾಶರ್‌ನಲ್ಲಿ ಸಿಕ್ಕಿಕೊಂಡಿದ್ದರು. ಜೆಡ್ಡಾಕ್ಕೆ ಕರೆದೊಯ್ಯುವ ಹಡಗು ನಿಂತಿದ್ದ ಪೋರ್ಟ್ ಸುಡಾನ್ ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಕಂಪನಿ ನೌಕರನಾದರೆ ಕಂಪನಿಯ ಹತ್ತಿರ ಪಟ್ಟಿ ಇರುತ್ತೆ, ವಿದ್ಯಾರ್ಥಿಯಾದರೆ ಕಾಲೇಜಿನ ಹತ್ತಿರ. ಊರೂರು ತಿರುಗಿ ಎಣ್ಣೆ ಮಾರುವವರ ಪಟ್ಟಿ ಯಾರ ಹತ್ತಿರ ಇರುತ್ತೆ? ಅವರೇ ಊರಿಗೆ ಫೋನ್ ಮಾಡಿ, ವಿಡಿಯೋ ಕಳಿಸಿ, ತಾವಿದ್ದೇವೆ ಅಂತ ತಿಳಿಸಬೇಕಾಯಿತು.

ಅದಕ್ಕೇ ಪೋಷಕರಿಗೆ ಹೇಳುವುದು, ಮಕ್ಕಳು ಹೊರಗೆ ಹೋದ ವಾರವೇ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದ್ದಾರಾ ಕೇಳಿ. ಏನು ಬರೆದಿದ್ದಾರೆ ಅಂತಲೂ ಕೇಳಿ. ನನ್ನ ಅಕ್ಕನ ಮಗ ಫಾರಂ ತುಂಬಿಯೇ ಇದ್ದ, ಪುಣ್ಯಾತ್ಮ. ಮನೆಗೆ ಬಂದ ಮೇಲೆ ತೋರಿಸಿದ. ತುರ್ತು ಸಂಪರ್ಕ ಅನ್ನುವ ಜಾಗದಲ್ಲಿ ನನ್ನ ಫೋನ್ ನಂಬರ್ ಇತ್ತು. ಆ ಸಿಮ್ಮು ನಾನು ಬಿಸಾಕಿ ಎರಡು ವರ್ಷ ಆಗಿತ್ತು.