ಹಡಗಿನ ಜಿಪಿಎಸ್‌ಗೆ ದಡದಿಂದ ಹೋಗೋ ತಿದ್ದುಪಡಿ

ಕೇಳುಗರಿಗೆಲ್ಲ ನಮಸ್ಕಾರ. ನಡುಸಮುದ್ರದಲ್ಲಿ ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸಿದ್ರೂ ನಡೆಯುತ್ತೆ, ಆದ್ರೆ ದೊಡ್ಡ ಹಡಗು ಬಂದರಿನ ಚಾನೆಲ್ಲಿಗೆ, ಅಂದ್ರೆ ಹಡಗು ಹೋಗೋ ಆಳದ ದಾರಿಗೆ, ಬರುವಾಗ ಎರಡೂ ಪಕ್ಕ ಆಳ ಕಮ್ಮಿ ಇರುತ್ತಲ್ಲ, ಅಲ್ಲಿ ಆ ಹತ್ತು ಮೀಟರೇ ಜಾಸ್ತಿ. 2000ದ ಮೇ ತನಕ ಅಮೆರಿಕದವ್ರು ಬೇಕಂತ್ಲೇ ಸಿಗ್ನಲ್ ಕೆಡಿಸಿ ಬಿಡ್ತಿದ್ರು, ತಪ್ಪು 100 ಮೀಟರ್ ತನಕ ಹೋಗ್ತಿತ್ತು. ಅದನ್ನ ಸರಿ ಮಾಡ್ಕೊಳ್ಳೋಕೆ ಬೆಳೆದಿದ್ದು ಡಿಜಿಪಿಎಸ್ (ಡಿಫರೆನ್ಷಿಯಲ್ ಜಿಪಿಎಸ್), ಅಂದ್ರೆ ದಡದಿಂದ ತಿದ್ದುಪಡಿ ಪಡೆಯೋ ಜಿಪಿಎಸ್.

ಕರಾವಳೀಲಿ ಒಂದು ಸ್ಟೇಷನ್ ಇರುತ್ತೆ, ಅದು ನಿಂತಿರೋ ಜಾಗ ಪಕ್ಕಾ ಅಳತೆ ಆಗಿರುತ್ತೆ. ಉಪಗ್ರಹದ ಸಿಗ್ನಲ್ ಹೇಳೋ ದೂರಕ್ಕೂ ನಿಜವಾದ ದೂರಕ್ಕೂ ವ್ಯತ್ಯಾಸ ಎಷ್ಟು ಅಂತ ಒಂದೊಂದು ಉಪಗ್ರಹಕ್ಕೂ ಲೆಕ್ಕ ಹಾಕಿ, 300 ಕಿಲೋಹರ್ಟ್ಸ್ ಆಸುಪಾಸಿನ ರೇಡಿಯೋದಲ್ಲಿ ಹಡಗುಗಳಿಗೆ ಕಳಿಸ್ತಾ ಇರುತ್ತೆ. ಸ್ಟೇಷನ್ ಹತ್ರ ಇದ್ರೆ ತಪ್ಪು ಒಂದೆರಡು ಮೀಟರಿಗೆ ಇಳಿಯುತ್ತೆ, ದೂರ ಹೋದಂಗೆಲ್ಲ ಸುಮಾರು 150 ಕಿಲೋಮೀಟರಿಗೆ ಒಂದು ಮೀಟರಿನಷ್ಟು ಕೆಡ್ತಾ ಬರುತ್ತೆ, ಯಾಕಂದ್ರೆ ಸ್ಟೇಷನ್ನಿಗೂ ಹಡಗಿಗೂ ಸಿಗ್ನಲ್ ಬರೋ ಆಕಾಶದ ದಾರಿ ಆಗ ಬೇರೆ ಬೇರೆ.

ಸ್ಟೇಷನ್ನಿಗೂ ಹಡಗಿಗೂ ಒಂದೇ ಥರ ಇರೋ ತಪ್ಪು ಮಾತ್ರ ಇದ್ರಿಂದ ಹೋಗುತ್ತೆ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಬೇಕು. ನಿಮ್ಮ ಹಡಗಿನದೇ ಕ್ರೇನಿಗೋ ಕಂಟೇನರಿಗೋ ಬಡಿದು ತಿರುಗಿ ಬರೋ ಸಿಗ್ನಲ್ಲಿಗೆ ದಡದವ್ರು ಏನೂ ಮಾಡೋಕಾಗಲ್ಲ. ಇನ್ನು ಹಳೇ ಚಾರ್ಟಿನ, ಅಂದ್ರೆ ಸಮುದ್ರದ ನಕ್ಷೆಯ, ಅಳತೆಯ ಆಧಾರವೇ ಜಿಪಿಎಸ್‌ನದಕ್ಕಿಂತ ಬೇರೆ ಇದ್ರೆ, ಎಷ್ಟೇ ಸರಿಯಾದ ಸ್ಥಾನ ತೋರಿಸಿದ್ರೂ ಬಂಡೆ ಚಾರ್ಟಲ್ಲಿ ಬೇರೆ ಕಡೆ ಇರುತ್ತೆ.

ನಮ್ಮಲ್ಲಿ ಇನ್ನೊಂದು ಕಷ್ಟ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ಮೇಲೇ ಹಾದು ಹೋಗೋದ್ರಿಂದ ಅಯಾನುಗೋಳ, ಅಂದ್ರೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ, ಸೂರ್ಯ ಮುಳುಗಿದ ಮೇಲೆ ತುಂಬಾ ಕದಡುತ್ತೆ, ಒಂದೊಂದ್ಸಲ ಸಿಗ್ನಲ್ಲೇ ತಪ್ಪಿಹೋಗುತ್ತೆ. ಇಸ್ರೋ ಮತ್ತೆ ವಿಮಾನ ನಿಲ್ದಾಣ ಪ್ರಾಧಿಕಾರದವ್ರು ಉಪಗ್ರಹದಿಂದಲೇ ಜಿಪಿಎಸ್ ತಿದ್ದುಪಡಿ ಕಳಿಸೋ ಗಗನ್ ವ್ಯವಸ್ಥೆ ಮಾಡುವಾಗ ಇದಕ್ಕೇ ಅಂತ ಬೇರೆ ಲೆಕ್ಕಾಚಾರ ಕಟ್ಟಬೇಕಾಯ್ತು. ಅದರ ಮುಖ್ಯ ಕಂಟ್ರೋಲ್ ಸೆಂಟರ್ ಇರೋದು ನಮ್ಮ ಬೆಂಗಳೂರಿನ ಕುಂದಲಹಳ್ಳೀಲಿ. ವಿಮಾನಕ್ಕೇ ಅಂತ ಮಾಡಿದ್ದು, ಆದ್ರೂ 2019ರಲ್ಲಿ ಜೆಮಿನಿ ಅನ್ನೋ ಪುಟ್ಟ ಸಾಧನ ಬಂತು, ಮೊಬೈಲ್ ನೆಟ್‌ವರ್ಕ್ ಸಿಗದ ಕಡೇನೂ ಗಗನ್ ಉಪಗ್ರಹದಿಂದ ಮೀನುಗಾರರಿಗೆ ಚಂಡಮಾರುತದ ಎಚ್ಚರಿಕೆ ಮುಟ್ಟುತ್ತೆ. ನನಗಂತೂ ಇದು ದೊಡ್ಡ ಕೆಲಸ ಅನ್ಸುತ್ತೆ.

ಅಮೆರಿಕ 2020ರಲ್ಲಿ, ಬ್ರಿಟನ್ 2022ರಲ್ಲಿ ದಡದ ಸ್ಟೇಷನ್ ಮುಚ್ಚಿದ್ವು. ಆದ್ರೆ ಇಷ್ಟು ಕದಡೋ ನಮ್ಮ ಆಕಾಶಕ್ಕೆ ಬಂದರಿನ ಹತ್ರಾನೇ ಕೂತು ಸಿಗ್ನಲ್ ಸರಿ ಇದೆಯಾ ಅಂತ ನೋಡೋ ಒಂದು ಸ್ಟೇಷನ್ ಇನ್ನೂ ಬೇಕು ಅಂತ ನನ್ನ ಅಭಿಪ್ರಾಯ. ಬ್ರಿಡ್ಜಲ್ಲಿ, ಅಂದ್ರೆ ಹಡಗು ನಡೆಸೋ ಕೋಣೇಲಿ, ಡ್ಯೂಟಿ ಮಾಡೋರು ಪರದೆ ಮೇಲೆ ಡಿಜಿಪಿಎಸ್ ಅಂತ ಕಂಡ ಕೂಡ್ಲೇ ಸುಮ್ಮನಾಗ್ಬೇಡಿ, ತಿದ್ದುಪಡಿ ಬಂದು ಎಷ್ಟು ಸೆಕೆಂಡ್ ಆಯ್ತು, ಯಾವ ಸ್ಟೇಷನ್ನಿಂದ ಬರ್ತಿದೆ, ಇವೆರಡನ್ನ ನೋಡಿ, ರೇಡಾರ್ ಜೊತೇನೂ ಹೋಲಿಸಿ. ನಮಸ್ಕಾರ.