ಸೂಪರ್‌ಮ್ಯಾನ್ ಚಡ್ಡಿ ತೆಗೆದಿದ್ದಕ್ಕೆ ಆರೂವರೆ ವರ್ಷ ಜಗಳ ಯಾಕೆ?

[ಪರದೆ ಪೂರ್ತಿ ನೀಲಿ. ಮಧ್ಯದಲ್ಲಿ ಒಂದು ಕೆಂಪು ಚಡ್ಡಿ ಮಾತ್ರ.]

ಪ್ಯಾಂಟಿನ ಮೇಲೆ ಚಡ್ಡಿ. ಸೂಪರ್‌ಹೀರೋ ಅಂದ ತಕ್ಷಣ ಯಾರಾದ್ರೂ ಒಬ್ರು ಈ ಜೋಕ್ ಹೊಡೆದೇ ಹೊಡೀತಾರೆ. ಸರಿ, 2011ರ ಸೆಪ್ಟೆಂಬರ್‌ನಲ್ಲಿ ಡಿಸಿ ಕಾಮಿಕ್ಸ್‌ನವರು ತಮ್ಮ ಎಲ್ಲಾ ಪತ್ರಿಕೆಗಳನ್ನ ಒಂದನೇ ನಂಬರ್‌ನಿಂದ ಹೊಸದಾಗಿ ಶುರು ಮಾಡಿದಾಗ ಸೂಪರ್‌ಮ್ಯಾನ್ ಚಡ್ಡಿ ತೆಗೆದೇಬಿಟ್ರು. ನಗ್ತಿದ್ದವರು ಖುಷಿಪಟ್ಟಿರಬೇಕು. ಆದರೆ ದುಡ್ಡು ಕೊಟ್ಟು ತಿಂಗಳು ತಿಂಗಳು ಕಾಮಿಕ್ಸ್ ಕೊಳ್ಳೋರು ಗರಂ ಆದ್ರು. ಆ ಗೊಣಗಾಟ ನಿಂತಿದ್ದು 2018ರ ಏಪ್ರಿಲ್‌ನಲ್ಲಿ, ಸೂಪರ್‌ಮ್ಯಾನ್ ಬರೋ ಪತ್ರಿಕೆ ಆಕ್ಷನ್ ಕಾಮಿಕ್ಸ್‌ನ 1000ನೇ ಸಂಚಿಕೆ ಬಂದಾಗ. ಅದರಲ್ಲಿ ಚಡ್ಡಿ ವಾಪಸ್! ಪ್ರಕಾಶಕರು ತಿಂಗಳುಗಳ ಮುಂಚೆನೇ ಅದನ್ನ ದೊಡ್ಡ ಸುದ್ದಿ ಮಾಡಿದ್ರು. ಮುಖಪುಟ ಬರೆದಿದ್ದು ಯಾರು ಗೊತ್ತಾ? ಜಿಮ್ ಲೀ. 2011ರಲ್ಲಿ ಚಡ್ಡಿ ಇಲ್ಲದ ಡಿಸೈನ್ ಮಾಡಿದ್ದೂ ಅವರೇ.

ಅಭಿಮಾನಿಗಳಿಗೆ ಹಳೇದರ ವ್ಯಾಮೋಹ, ಅಷ್ಟೇ ಅಂತ ಕೈ ತೊಳ್ಕೊಳ್ಳಬಹುದು. ಸ್ವಲ್ಪ ಅದೂ ಇದೆ, ಅದಕ್ಕೆ ಆಮೇಲೆ ಬರೋಣ. ಆದರೆ ಈ ಜಗಳದಲ್ಲಿ ಅಭಿಮಾನಿಗಳ ಕಣ್ಣು ಬಹಳ ಸಲ ಸರಿಯಾದ ಜಾಗದಲ್ಲೇ ಇತ್ತು. ಯಾಕೆ ಅಂತ ಗೊತ್ತಾಗಬೇಕಾದ್ರೆ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಬೇಕು.

[ಪರದೆಯ ಮೇಲೆ: 1938, ಆಕ್ಷನ್ ಕಾಮಿಕ್ಸ್ 1]

ಬೇಸಿಕ್ಸ್ ಬೇಗ ಮುಗಿಸ್ತೀನಿ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. ಬರೆದವರು ಜೆರ್ರಿ ಸೀಗಲ್, ಚಿತ್ರ ಜೋ ಶುಸ್ಟರ್. ಆ ಕಾಲದ ಸರ್ಕಸ್ ಪೈಲ್ವಾನರು, ಕುಸ್ತಿಯವರು ಮೈಗಂಟೋ ಬಟ್ಟೆ ಮೇಲೆ ಚಡ್ಡಿ ಹಾಕ್ತಿದ್ರು. ಅಂದ್ರೆ ಆಗಿನ ಓದುಗನ ಕಣ್ಣಿಗೆ ಚಡ್ಡಿ ಅನ್ನೋದು ‘ಇವನು ಗಟ್ಟಿಮುಟ್ಟು ಆಳು’ ಅನ್ನೋ ಬೋರ್ಡು. ಆಗ ಅದರಲ್ಲಿ ನಗೋದಕ್ಕೇನೂ ಇರಲಿಲ್ಲ. ಕಾಮಿಕ್ಸಲ್ಲಿ ಇದನ್ನ ಶುರು ಮಾಡಿದವನೂ ಸೂಪರ್‌ಮ್ಯಾನ್ ಅಲ್ಲ. 1936ರಲ್ಲೇ ಫ್ಯಾಂಟಮ್ ಪಟ್ಟೆಪಟ್ಟೆ ಚಡ್ಡಿ ಹಾಕ್ಕೊಂಡು ಬಂದಿದ್ದ. ಇಷ್ಟು ಇತಿಹಾಸ ಸಾಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಶಾಯಿ.

[ಕ್ಲೋಸಪ್: ಹಳೇ ಕಾಮಿಕ್ಸ್ ಪುಟ, ಚುಕ್ಕಿ ಕಾಣೋವಷ್ಟು ಹತ್ತಿರದಿಂದ]

ಆಗ ಕಾಮಿಕ್ಸ್ ಮುದ್ರಣ ಆಗ್ತಿದ್ದಿದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಗೆರೆಗಳಿಗೆ ಕಪ್ಪು. ಬಣ್ಣಕ್ಕೆ ಹಳದಿ, ಕೆಂಪು, ನೀಲಿ, ಮೂರೇ ಶಾಯಿ. ಹಲವು ದಶಕ ನಡೆದ ಪದ್ಧತಿ ಏನಂದ್ರೆ, ಪ್ರತಿ ಶಾಯಿಗೂ ನಾಲ್ಕೇ ಮಟ್ಟ: ಸೊನ್ನೆ, 25 ಪರ್ಸೆಂಟ್, 50 ಪರ್ಸೆಂಟ್, ಪೂರ್ತಿ. ನಾಲ್ಕು ಗುಣಿಸು ನಾಲ್ಕು ಗುಣಿಸು ನಾಲ್ಕು, 64 ಬಣ್ಣ. ಅಷ್ಟೇ ಪೆಟ್ಟಿಗೆ. ಬಣ್ಣ ಹಾಕೋರು ಪುಟದ ನಕಲಿನ ಮೇಲೆ ಜಲವರ್ಣ ಬಳಿದು, ಪಕ್ಕದಲ್ಲಿ ಕೋಡ್ ಬರೀತಿದ್ರು. ‘ವೈಆರ್’ ಅಂದ್ರೆ ಪೂರ್ತಿ ಹಳದಿ, ಪೂರ್ತಿ ಕೆಂಪು ಶಾಯಿ. ಎರಡೂ ಸೇರಿದ್ರೆ ಸೂಪರ್‌ಮ್ಯಾನ್ ಚಡ್ಡಿಯ ಆ ಟೊಮ್ಯಾಟೊ ಕೆಂಪು. ಅಕ್ಷರದ ಪಕ್ಕ 2 ಇದ್ರೆ 25 ಪರ್ಸೆಂಟ್, 3 ಇದ್ರೆ 50.

ಬೂದು ಬಣ್ಣ ಬೇಕಂದ್ರೆ? ವೈ2 ಆರ್2 ಬಿ2. ಮೂರೂ ಶಾಯಿ 25, 25, 25. ತೊಂದರೆ ಇಲ್ಲೇ. ಮೂರರಲ್ಲಿ ಒಂದು ಪ್ಲೇಟ್ ಸ್ವಲ್ಪ ಹೆಚ್ಚು ಶಾಯಿ ಹಿಡಿದ್ರೂ ಬೂದು ಹೋಗಿ ಹಸಿರು ಬಡಿಯುತ್ತೆ, ಇಲ್ಲ ಕಂದು ಬಡಿಯುತ್ತೆ. 1962ರಲ್ಲಿ ಹಲ್ಕ್ ಮೊದಲ ಸಂಚಿಕೆ ಬಂದಾಗ ಅವನು ಬೂದು. ಪುಟ ತಿರುಗಿಸಿದ್ರೆ ಒಂದು ಕಡೆ ತೆಳು ಬೂದು, ಇನ್ನೊಂದು ಕಡೆ ಹೆಚ್ಚೂಕಡಿಮೆ ಕಪ್ಪು, ಮತ್ತೊಂದು ಕಡೆ ಹಸಿರು ಛಾಯೆ. ಎರಡನೇ ಸಂಚಿಕೆಗೆ ಹಸಿರೇ ಮಾಡಿಬಿಟ್ರು. ಹಸಿರಿಗೆ ಹಳದಿ, ನೀಲಿ ಎರಡು ಸಾಕು, ಪ್ರೆಸ್ಸಿನವರ ಕೈ ಸ್ವಲ್ಪ ಅತ್ತಿತ್ತ ಆದ್ರೂ ಹಸಿರು ಹಸಿರಾಗೇ ಇರುತ್ತೆ. ಜಗತ್ತಿನ ಅತಿ ಪ್ರಸಿದ್ಧ ಹಸಿರು ರಾಕ್ಷಸ ಹುಟ್ಟಿದ್ದು ಪ್ರೆಸ್ಸಿನ ಕಾಟ ತಾಳಲಾರದೆ. ಇದಕ್ಕಿಂತ ಒಳ್ಳೇ ‘ರೀಡಿಸೈನ್’ ಇವತ್ತಿನವರೆಗೂ ಆಗಿಲ್ಲ ಅಂತ ನನ್ನ ವಾದ.

ಈಗ ಚಡ್ಡಿಗೆ ವಾಪಸ್ ಬನ್ನಿ. ಒಂದು ಪುಟದಲ್ಲಿ ಐದು ಚೌಕ. ಅದರಲ್ಲಿ ಒಂದರಲ್ಲಿ ಸೂಪರ್‌ಮ್ಯಾನ್ ದೂರದಲ್ಲಿ ಹಾರ್ತಿದಾನೆ, ಕಡ್ಡಿಪೆಟ್ಟಿಗೆಯಷ್ಟು ಜಾಗ. ಹಿಂದೆ ನೀಲಿ ಆಕಾಶ. ಮೈಯೂ ನೀಲಿ. ಆಗ ಕಣ್ಣಿಗೆ ದಾರಿ ತೋರಿಸೋದು ನಾಲ್ಕು ಕೆಂಪು: ಕೇಪ್, ಎದೆಯ ಗುರುತು, ಚಡ್ಡಿ, ಬೂಟು. ಇದರಲ್ಲಿ ಚಡ್ಡಿ ಮಾಡೋ ಕೆಲಸ ಬೇರೆ ಯಾವುದೂ ಮಾಡಲ್ಲ. ಅದು ಮೈಯನ್ನ ಸೊಂಟದ ಹತ್ರ ಎರಡು ಭಾಗ ಮಾಡುತ್ತೆ. ಸೊಂಟ ಯಾವ ಕಡೆ ತಿರುಗಿದೆ, ಯಾವ ಕಾಲು ಮುಂದೆ, ಯಾವುದು ಹಿಂದೆ ಅನ್ನೋದು ಆ ಕೆಂಪು ತುಂಡು ನೋಡಿದ್ರೆ ಗೊತ್ತಾಗುತ್ತೆ. ತೆಗೆದುಬಿಡಿ, ಕುತ್ತಿಗೆಯಿಂದ ಮೊಣಕಾಲಿನವರೆಗೆ ಒಂದೇ ನೀಲಿ ಕೊಳವೆ.

[ಪರದೆ: ಒಂದೇ ಭಂಗಿ, ಎಡಕ್ಕೆ ಚಡ್ಡಿ ಇರೋದು, ಬಲಕ್ಕೆ ಇಲ್ಲದ್ದು. ಎರಡೂ ಚಿಕ್ಕದಾಗ್ತಾ ಹೋಗಲಿ.]

2011ರ ಡಿಸೈನಲ್ಲಿ ಆಗಿದ್ದೇ ಇದು. ಚಡ್ಡಿ ಹೋದ ಜಾಗ ಖಾಲಿ ಅನಿಸ್ತು. ಅದನ್ನ ತುಂಬೋಕೆ ಬೆಲ್ಟ್ ಕೆಂಪು ಮಾಡಿದ್ರು, ಎತ್ತರದ ಕಾಲರ್ ಕೊಟ್ರು, ಮೈಮೇಲೆಲ್ಲಾ ರಕ್ಷಾಕವಚದ ಹಾಗೆ ಗೆರೆ ಎಳೆದ್ರು. ಈಗ ಲೆಕ್ಕ ಹಾಕಿ. ತಿಂಗಳಿಗೆ 20 ಪುಟ, ಪುಟಕ್ಕೆ ಐದು ಚೌಕ, ನೂರು ಚೌಕ. ನಾಯಕ ಅರವತ್ತರಲ್ಲಿ ಇದಾನೆ ಅಂತಿಟ್ಕೊಳ್ಳಿ. ಮೈಮೇಲೆ ಹತ್ತು ಗೆರೆ ಜಾಸ್ತಿ ಆದ್ರೆ, ತಿಂಗಳಿಗೆ ಆರುನೂರು ಗೆರೆ ಜಾಸ್ತಿ. ಅದೂ ಪ್ರತಿ ಭಂಗಿಯಲ್ಲೂ ಮಾಂಸಖಂಡದ ಜೊತೆ ಬಾಗಬೇಕು. ಜಿಮ್ ಲೀ ಕೈ ಪಳಗಿದ ಕೈ, ಅವರು ಎಳೀತಾರೆ. ಡೆಡ್‌ಲೈನ್ ತಲೆಮೇಲೆ ಕೂತಿರೋ ಇನ್ನೊಬ್ಬ ಕಲಾವಿದ ದೂರದ ಚೌಕಗಳಲ್ಲಿ ಗೆರೆ ಬಿಟ್ಟುಬಿಡ್ತಾರೆ. ಒಂದೇ ಸಂಚಿಕೆಯಲ್ಲಿ ಒಂದೇ ಬಟ್ಟೆ ಎರಡು ಥರ. ಓದುಗರ ಕಣ್ಣು ಅದನ್ನ ಹಿಡೀದೇ ಬಿಡುತ್ತಾ?

ಬಟ್ಟೆ ಹೊಲಿಸಿಕೊಂಡು ಹಾಕೋ ಅಭಿಮಾನಿಗಳಿಗೆ, ಅಂದ್ರೆ ಕಾಸ್‌ಪ್ಲೇ ಮಾಡೋರಿಗೆ, ಇನ್ನೊಂದು ತಲೆನೋವು. ಆ ಗೆರೆಗಳನ್ನ ಪೈಪಿಂಗ್ ಕೊಟ್ಟು ಹೊಲಿದ್ರೆ, ಕೆಳಗಿರೋ ಲೈಕ್ರಾ ಹಿಗ್ಗುತ್ತೆ, ಪೈಪಿಂಗ್ ಹಿಗ್ಗಲ್ಲ. ಹಾಕ್ಕೊಂಡ ತಕ್ಷಣ ಹೊಲಿಗೆ ಉದ್ದಕ್ಕೂ ನೆರಿಗೆ ನೆರಿಗೆ. ಬಟ್ಟೆ ಮೇಲೆ ಗೆರೆ ಪ್ರಿಂಟ್ ಹಾಕಿಸಿದ್ರೆ, ಮಗ್ಗುಲಿನ ಜೋಡಣೆಯಲ್ಲಿ ಎಡದ ಗೆರೆಗೆ ಬಲದ ಗೆರೆ ಕೂಡೋದೇ ಇಲ್ಲ. ಹಳೇ ಡಿಸೈನಲ್ಲಿ? ಸೊಂಟದ ಹತ್ರ ಹೊಲಿಗೆ ಎಷ್ಟೇ ಅಡ್ಡಾದಿಡ್ಡಿ ಇರಲಿ, ಮೇಲೆ ಚಡ್ಡಿ ಮುಚ್ಚುತ್ತೆ. ಪೈಲ್ವಾನರ ಕಾಲದ ಜಾಣತನ ಇವತ್ತಿಗೂ ಉಪಯೋಗಕ್ಕೆ ಬರ್ತಿದೆ.

ನಮ್ಮೂರಿನ ಲೆಕ್ಕದಲ್ಲಿ ಹೇಳ್ಲಾ? ಬಡಗುತಿಟ್ಟು ಯಕ್ಷಗಾನದಲ್ಲಿ ಕರ್ಣ ರಂಗಕ್ಕೆ ಬಂದ ಅಂದ್ರೆ ಮುಂಡಾಸು. ಅಭಿಮನ್ಯು ಅಂದ್ರೆ ಕೇದಗೆ ಮುಂದಲೆ. ಎರಡೂ ತಲೆಗೆ ಕಟ್ಟೋ ವೇಷ. ಬಯಲಲ್ಲಿ ಕೊನೇ ಸಾಲಲ್ಲಿ ಚಾಪೆ ಹಾಕ್ಕೊಂಡು ಅರೆನಿದ್ದೆಯಲ್ಲಿ ಕೂತವನಿಗೆ ಮುಖ ಕಾಣಲ್ಲ, ತಲೆಯ ಆಕಾರ ಕಾಣುತ್ತೆ. ಅಷ್ಟರಲ್ಲೇ ಯಾವ ದರ್ಜೆಯ ವೇಷ ಅಂತ ಗೊತ್ತಾಗಬೇಕು. ನಾಳೆ ಯಾರೋ ಕರ್ಣನಿಗೆ ಕೇದಗೆ ಮುಂದಲೆ ಕಟ್ಟಿ ಕಳಿಸಿದ್ರೆ, ವೇಷ ಕಟ್ಟೋ ಚೌಕಿಗೇ ಬಂದು ಜಗಳ ತೆಗೀತಾರೆ. ಕಾಮಿಕ್ಸ್ ಅಭಿಮಾನಿ ಮಾಡೋದೂ ಇದನ್ನೇ, ಚೌಕಿ ಮಾತ್ರ ನ್ಯೂಯಾರ್ಕಲ್ಲಿತ್ತು.

ಹಾಗಾದ್ರೆ ಬರೀ ಅಭ್ಯಾಸದ ಮಾತು ಎಲ್ಲಿ ಬರುತ್ತೆ? ಫ್ಯಾಂಟಮ್ ಹತ್ರ. ಕನ್ನಡದಲ್ಲೂ ಬರ್ತಿದ್ದ ಇಂದ್ರಜಾಲ್ ಕಾಮಿಕ್ಸ್ ಓದಿದವರನ್ನ ಕೇಳಿ, ಫ್ಯಾಂಟಮ್ ನೇರಳೆ ಅಂತಾರೆ. ಸೃಷ್ಟಿಕರ್ತ ಲೀ ಫಾಕ್ ಮನಸ್ಸಲ್ಲಿದ್ದಿದ್ದು ಬೂದು. 1939ರಲ್ಲಿ ಭಾನುವಾರದ ಪುಟ ಬಣ್ಣದಲ್ಲಿ ಬಂದಾಗ ನೇರಳೆ ಆಯ್ತು. ಸ್ವೀಡನ್‌ನಲ್ಲಿ ಅವನು ನೀಲಿ. ಇಟಲಿ, ಬ್ರೆಜಿಲ್‌ಗಳಲ್ಲಿ ಕೆಂಪು. ಆಯಾ ದೇಶದವರಿಗೆ ಅವರವರ ಬಣ್ಣವೇ ಅಸಲಿ, ಮಿಕ್ಕಿದ್ದೆಲ್ಲಾ ಡೂಪ್ಲಿಕೇಟ್. ಇದಕ್ಕೆ ಶಾಯಿಯ ತರ್ಕ ಹುಡುಕಬೇಡಿ. ಹತ್ತು ವರ್ಷದವರಾಗಿದ್ದಾಗ ಏನು ನೋಡಿದ್ರೋ ಅದೇ ಸರಿ, ಮುಗೀತು.

[ಪರದೆ ಕಪ್ಪು. ಬಿಳೀ ಜೇಡದ ಗುರುತು.]

ಈಗ ಬದಲಾವಣೆ ಗೆದ್ದ ಕಥೆ. 1984ರಲ್ಲಿ ಸ್ಪೈಡರ್‌ಮ್ಯಾನ್ ಕಪ್ಪು ಬಟ್ಟೆಗೆ ಬಂದ. ಮೂಲ ಐಡಿಯಾ ಒಬ್ಬ ಓದುಗನದ್ದು. ಮಾರ್ವೆಲ್ ಅದನ್ನ 220 ಡಾಲರ್‌ಗೆ ಕೊಂಡ್ಕೊಂಡಿತ್ತು. ಹೌದು, 220. ಮುಂದೆ ಇದರಿಂದ ಎಷ್ಟು ದುಡ್ಡು ಹುಟ್ಟಿತು ಅಂತ ಯೋಚನೆ ಮಾಡಿದ್ರೆ ಹೊಟ್ಟೆ ಉರಿಯುತ್ತೆ, ಬಿಡಿ. ಕೆಂಪು ನೀಲಿ ಬಿಟ್ಟು ಕಪ್ಪು ಅಂತ ಗೊತ್ತಾದಾಗ ಓದುಗರು ಸುಮ್ಮನಿರಲಿಲ್ಲ, ಸಿಟ್ಟಾದ್ರು. ಆದ್ರೂ ಅದು ನಿಂತ್ಕೊಳ್ತು. ಯಾಕೆ?

ಒಂದು, ಕಲಾವಿದರ ಕೆಲಸ ಕಡಿಮೆ ಆಯ್ತು. ಹಳೇ ಬಟ್ಟೆಯಲ್ಲಿ ಮುಖದಿಂದ ಸೊಂಟದವರೆಗೆ ಬಲೆ ಗೆರೆ ಹೆಣೀಬೇಕು, ಪ್ರತಿ ಚೌಕದಲ್ಲೂ. ಕಪ್ಪಿನಲ್ಲಿ ಬಲೆ ಇಲ್ಲ. ಎದೆಯಿಂದ ಬೆನ್ನಿಗೆ ಸುತ್ಕೊಳ್ಳೋ ದೊಡ್ಡ ಬಿಳಿ ಜೇಡ, ದೊಡ್ಡ ಬಿಳಿ ಕಣ್ಣು, ಮಿಕ್ಕಿದ್ದು ಶಾಯಿ. ಎಷ್ಟೇ ಚಿಕ್ಕದು ಮಾಡಿ, ಗುರುತು ಸಿಗುತ್ತೆ. ಅಂದಹಾಗೆ, 1962ರ ಸ್ಟೀವ್ ಡಿಟ್ಕೊ ಚಿತ್ರಗಳಲ್ಲಿ ಸ್ಪೈಡರ್‌ಮ್ಯಾನ್ ಬಟ್ಟೆಯ ನೀಲಿ ಭಾಗದಲ್ಲಿ ಕಪ್ಪು ತುಂಬಾ ಇದೆ. ಕಪ್ಪಿಗೆ ಹೊಳಪು ತೋರಿಸೋಕೆ ನೀಲಿ ಹಾಕೋದು ಆ ಕಾಲದ ರೂಢಿ. ವರ್ಷ ಕಳೆದ ಹಾಗೆ ಹೊಳಪೇ ಹರಡಿ ಬಟ್ಟೆ ನೀಲಿ ಆಯ್ತು. ‘ಅಸಲಿ ಬಣ್ಣ ಯಾವುದು’ ಅಂತ ಈಗಲೂ ಕಿತ್ತಾಡ್ತಾರೆ.

ಎರಡನೇದು ಇನ್ನೂ ಮುಖ್ಯ. ಬಟ್ಟೆ ಬದಲಾಗಿದ್ದಕ್ಕೆ ಕಥೆಯೊಳಗೇ ಕಾರಣ ಇತ್ತು. ಬೇರೆ ಗ್ರಹದಿಂದ ಬಂದ ಬಟ್ಟೆ, ಆಮೇಲೆ ನೋಡಿದ್ರೆ ಅದು ಜೀವ ಇರೋ ಪ್ರಾಣಿ. ಪೀಟರ್, ಅಂದ್ರೆ ಸ್ಪೈಡರ್‌ಮ್ಯಾನ್, ಅದನ್ನ ಬಿಡಿಸ್ಕೊಂಡ. 1988ರಲ್ಲಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 300ನೇ ಸಂಚಿಕೆಯಲ್ಲಿ ಅದೇ ಬಟ್ಟೆ ವೆನಮ್ ಅನ್ನೋ ವಿಲನ್ ಆಗಿ ಬಂತು, ಸ್ಪೈಡರ್‌ಮ್ಯಾನ್ ಕೆಂಪು ನೀಲಿಗೆ ಮರಳಿದ. ಬೈದವರೇ ಇವತ್ತು ಆ ಸಂಚಿಕೆಯನ್ನ ಪ್ಲಾಸ್ಟಿಕ್ ಕವರಲ್ಲಿಟ್ಟು ಕಾಪಾಡ್ತಾರೆ. 2011ರ ಸೂಪರ್‌ಮ್ಯಾನ್ ಗೆರೆಗಳಿಗೆ ಈ ಥರ ಯಾವ ಕಥೆಯೂ ಇರಲಿಲ್ಲ. ಎಲ್ಲರಿಗೂ ಹೊಸ ಯೂನಿಫಾರ್ಮ್, ಅಷ್ಟೇ.

ಬ್ಯಾಟ್‌ಗರ್ಲ್ 2014. ಕ್ಯಾಮರನ್ ಸ್ಟೀವರ್ಟ್, ಬ್ಯಾಬ್ಸ್ ಟಾರ್ ಸೇರಿ ಮಾಡಿದ ಡಿಸೈನ್. ಸಂಚಿಕೆ ಬರೋ ಮುಂಚೆನೇ, ಬರೀ ಡಿಸೈನ್ ಚಿತ್ರ ನೋಡಿ ಅಭಿಮಾನಿಗಳು ಸಾಲುಸಾಲು ಚಿತ್ರ ಬರೆದು ಹಾಕಿದ್ರು. ಯಾಕಂದ್ರೆ ಅದು ಮನೇಲೇ ಮಾಡ್ಕೊಳ್ಳಬಹುದಾದ ಬಟ್ಟೆ: ನೇರಳೆ ಲೆದರ್ ಜಾಕೆಟ್, ಹಳದಿ ಬೂಟು, ಹಳದಿ ಗ್ಲೌಸ್. ಕೇಪ್ ಹೊಲಿದಿಲ್ಲ, ಟಿಚ್ ಬಟನ್‌ನಲ್ಲಿ ಜಾಕೆಟ್‌ಗೆ ಅಂಟಿದೆ. ವಿಲನ್ ಕೇಪ್ ಹಿಡಿದು ಎಳೆದ್ರೆ? ಪಟ್ ಅಂತ ಬಿಚ್ಚುತ್ತೆ, ಕತ್ತು ಉಳಿಯುತ್ತೆ. ನೋಡಿದ ತಕ್ಷಣ ‘ಇದು ಹಿಂಗೆ ಕೆಲಸ ಮಾಡುತ್ತೆ’ ಅಂತ ಅರ್ಥ ಆಗೋ ಒಂದೇ ಒಂದು ಭಾಗ ಇದ್ರೂ ಅಭಿಮಾನಿ ಅರ್ಧ ಬೀಳ್ತಾನೆ.

ಟೈಮ್ ಆಗ್ತಾ ಇದೆ, ಮಿಕ್ಕಿದ್ದು ಪಟಪಟ ಅಂತ.

1974ರಲ್ಲಿ ಐರನ್ ಮ್ಯಾನ್ ಕಬ್ಬಿಣದ ಮುಖವಾಡಕ್ಕೆ ಮೂಗು ಬಂತು. ತ್ರಿಕೋನದ ಮೂಗು. ಎರಡು ವರ್ಷದೊಳಗೆ ಕೊಯ್ದು ಹಾಕಿದ್ರು, ಒಳ್ಳೇದಾಯ್ತು. 1997ರಲ್ಲಿ ಸೂಪರ್‌ಮ್ಯಾನ್‌ಗೆ ಕರೆಂಟ್ ಹೊಡೆದ ಹಾಗೆ ನೀಲಿ ಬಿಳಿ ಮೈ, ಕೇಪೇ ಇಲ್ಲ. ಅದೂ ಬಹಳ ದಿನ ಬಾಳಲಿಲ್ಲ. ಡೇರ್‌ಡೆವಿಲ್ ಉಲ್ಟಾ ಕೇಸು: 1964ರಲ್ಲಿ ಹಳದಿ ಬಟ್ಟೆ, ಮರುವರ್ಷ ಏಳನೇ ಸಂಚಿಕೆಯಲ್ಲಿ ವಾಲಿ ವುಡ್ ಪೂರ್ತಿ ಕೆಂಪು ಮಾಡಿದ್ರು. ಹೆಸರಲ್ಲೇ ಡೆವಿಲ್ ಇರೋವಾಗ ಹಳದಿ ಯಾಕ್ರೀ ಬೇಕು? ವುಲ್ವರೀನ್ ವಿಷಯದಲ್ಲಿ ಅಭಿಮಾನಿಗಳೇ ಎರಡು ಪಾರ್ಟಿ. 1980ರಲ್ಲಿ ಜಾನ್ ಬರ್ನ್ ಕೊಟ್ಟ ಕಂದು ಬಟ್ಟೆಯವರು ಒಂದು, ಹಳದಿ ನೀಲಿಯವರು ಇನ್ನೊಂದು. ನಾನು ಕಂದು ಪಾರ್ಟಿ, ಬೈಯೋರು ಬೈಯಿರಿ.

ಸಿನಿಮಾ ಬಟ್ಟೆಗಳ ಮಾತು ಒಂದೇ ನಿಮಿಷ. ಅಲ್ಲಿ ಕ್ಯಾಮರಾ ಹತ್ರ ಹೋಗುತ್ತೆ, ಬರೀ ಲೈಕ್ರಾ ಆದ್ರೆ ಪೈಜಾಮ ಥರ ಕಾಣುತ್ತೆ. ಅದಕ್ಕೆ ಮೇಲ್ಮೈ ಮೇಲೆ ಚಿಕ್ಕ ಚಿಕ್ಕ ಡಿಸೈನ್ ಉಬ್ಬಿಸ್ತಾರೆ, ಸರಿ. ಎಡವಟ್ಟಾಗೋದು ಆ ಉಬ್ಬುತಗ್ಗನ್ನ ಕಾಮಿಕ್ಸ್ ಪುಟಕ್ಕೆ ವಾಪಸ್ ತಂದಾಗ. 2013ರ ಸಿನಿಮಾದಲ್ಲೂ ಸೂಪರ್‌ಮ್ಯಾನ್‌ಗೆ ಚಡ್ಡಿ ಇರಲಿಲ್ಲ. 2025ರಲ್ಲಿ ಬಂದಿದ್ದಕ್ಕೆ ಇದೆ. ನಿರ್ದೇಶಕ ಜೇಮ್ಸ್ ಗನ್‌ಗೆ ಚಡ್ಡಿ ಬೇಕೋ ಬೇಡವೋ ಅನ್ನೋ ಗೊಂದಲ ಇತ್ತಂತೆ; ಇತ್ಯರ್ಥ ಮಾಡಿದ್ದು ನಟ ಡೇವಿಡ್ ಕೊರೆನ್‌ಸ್ವೆಟ್. ಅವರ ವಾದ ಇಷ್ಟು: ಕಣ್ಣಲ್ಲಿ ಬೆಂಕಿ ಬರೋ, ಕಟ್ಟಡ ಎತ್ತೋ ಅನ್ಯಗ್ರಹದವನನ್ನ ನೋಡಿ ಮಕ್ಕಳು ಹೆದರಬಾರದು, ಅದಕ್ಕೇ ಅವನು ಹೀಗೆ ಬಣ್ಣಬಣ್ಣದ ಬಟ್ಟೆ ಹಾಕ್ತಾನೆ. ಅಲ್ಲಿಗೆ ಚಡ್ಡಿಗೂ ಕಥೆಯೊಳಗಿನ ಕಾರಣ ಸಿಕ್ಕಿತು. 2024ರ ಮೇನಲ್ಲಿ ಮೊದಲ ಫೋಟೋ ಬಿಟ್ಟಾಗ ಅಭಿಮಾನಿಗಳು ಚಡ್ಡಿ ಬಗ್ಗೆ ಖುಷಿಯಾದ್ರು, ಕಾಲರ್ ಎತ್ತರ ಜಾಸ್ತಿ ಆಯ್ತು, ಬಟ್ಟೆ ಸಡಿಲ ಆಯ್ತು ಅಂತ ಮತ್ತೆ ಶುರು ಹಚ್ಕೊಂಡ್ರು.

ನೀವೇ ಪರೀಕ್ಷೆ ಮಾಡಿ ನೋಡಿ. ಯಾವುದೇ ಹೊಸ ಡಿಸೈನ್ ಫೋಟೋ ತಗೊಳ್ಳಿ. ಮೊದಲು ಫೋನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ. ಆಮೇಲೆ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ. ಕೊನೆಗೆ ಒಳಗೆಲ್ಲಾ ಕಪ್ಪು ತುಂಬಿ, ಬರೀ ಆಕಾರ ಉಳಿಸಿ. ಮೂರರಲ್ಲಿ ಎರಡರಲ್ಲಾದ್ರೂ ಯಾರು ಅಂತ ಗೊತ್ತಾದ್ರೆ ಆ ಬಟ್ಟೆ ಬಾಳುತ್ತೆ. ಕ್ಯಾಪ್ಟನ್ ಅಮೆರಿಕ ಕಪ್ಪುಬಿಳುಪಲ್ಲಿ ಅರ್ಧ ಸತ್ತುಹೋಗ್ತಾನೆ, ಗುರಾಣಿ ಬಚಾವ್ ಮಾಡುತ್ತೆ. ಬ್ಯಾಟ್‌ಮ್ಯಾನ್ ಮೂರರಲ್ಲೂ ಪಾಸ್, ಆ ಎರಡು ಕಿವಿಗಳಿಂದ. 2011ರ ಸೂಪರ್‌ಮ್ಯಾನ್‌ಗೆ ಮಾಡಿ ನೋಡಿ, ಆ ಹೊಸ ಗೆರೆಗಳು ಮೊದಲನೇ ಹೆಜ್ಜೆಯಲ್ಲೇ ಮಾಯ.

ವಂಡರ್ ವುಮನ್‌ಗೆ 2010ರಲ್ಲಿ ಜಾಕೆಟ್, ಪ್ಯಾಂಟ್ ಹಾಕಿಸಿ, ಮುಂದಿನ ವರ್ಷ ಪ್ರಚಾರದ ಚಿತ್ರದಲ್ಲೂ ಪ್ಯಾಂಟ್ ತೋರಿಸಿ, ಪುಸ್ತಕ ಬರೋ ಹೊತ್ತಿಗೆ ಅದನ್ನ ತೆಗೆದ ಕಥೆ ಇದೆಯಲ್ಲ, ಅದಕ್ಕೆ ಬೇರೆ ವಿಡಿಯೋನೇ ಬೇಕು. ಮುಂದಿನ ವಾರ ಅದೇ.